ಗೋಡೆಯೊಳಗಿನ ತಮ್ಮ

ಗೋಪನಕೊಪ್ಪದ ಆ ಓಣಿಗೆ ವಾರಕ್ಕೊಮ್ಮೆ, ಕೆಲವು ಸಲ ಇನ್ನೂ ತಡವಾಗಿ ನೀರು ಬಿಡುತ್ತಿದ್ದರು. ಯಾವ ಹೊತ್ತಿಗೆ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ನೀರಿಗಿಂತ ಮುಂಚೆ ನಳದಲ್ಲಿ ಸುಂಯ್ ಎಂದು ಗಾಳಿ ಬರುತ್ತದಲ್ಲ, ಗುರುಪಾದ ಆ ಗಾಳಿಗೊಂದು ಪೀಪಿ ಕಟ್ಟಿದ್ದ. ಅದು ಊದಿತೆಂದರೆ ಓಣಿಯ ಹೆಂಗಸರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಕೊಡ, ಪೈಪು ಹಿಡಿದು ಓಡುತ್ತಿದ್ದರು. "ಗುರುಪಾದಣ್ಣಾರ ಪೀಪಿ ಇರಲಿಲ್ಲಂದ್ರ ನಾವೆಲ್ಲ ಒಣಗಿ ಸಾಯ್ತಿದ್ವಿ" ಎಂದು ಪಕ್ಕದ ಮನೆಯ ವಾಣಿಶ್ರೀ ಎಲ್ಲರೆದುರು ಹೇಳುತ್ತಿದ್ದಳು. ಗುರುಪಾದ ನಾಚಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದ. ಆದರೆ ಆ ಮಾತು ಅವನಿಗೆ ಹೊಟ್ಟೆ ತುಂಬ ಉಂಡಷ್ಟು ಸುಖ ಕೊಡುತ್ತಿತ್ತು.

ಅವನು ಅಮರಗೋಳದ ಮಾರುಕಟ್ಟೆಯಲ್ಲಿ ಹತ್ತಿಬೀಜದ ಅಂಗಡಿಯೊಂದರ ಗುಮಾಸ್ತ. ಹೊಟ್ಟೆಪಾಡು ಅದು, ಜೀವವೆಲ್ಲ ಇದ್ದದ್ದು ಹಿತ್ತಲ ಕೋಣೆಯಲ್ಲಿ, ಕಳಚಿಟ್ಟ ಫ್ಯಾನು, ರೇಡಿಯೋ, ಮಿಕ್ಸರುಗಳ ರಾಶಿಯ ನಡುವೆ. ಅಂಗಳದ ಬಟ್ಟೆಯ ಹಗ್ಗವನ್ನು ಅವನು ಹಳೆಯ ಪೇಪರಿನ ಪಟ್ಟಿಯೊಂದಕ್ಕೆ ಕಟ್ಟಿದ್ದ. ಮಳೆ ಹನಿದು ಪಟ್ಟಿ ತೊಯ್ದು ಹರಿದರೆ ಹಗ್ಗ ತಾನೇ ಸರಿದು, ಬಟ್ಟೆಗಳೆಲ್ಲ ತಗಡಿನ ಕೆಳಗೆ ಬಂದು ನಿಲ್ಲುತ್ತಿದ್ದವು. ಚೌಕಾಬಾರ ಆಡುವಾಗ ಅಕ್ಕನಿಗೆ ಕವಡೆ ಹಿಡಿಯಲು ಬೆರಳು ಮಡಚುವುದಿಲ್ಲವೆಂದು, ಒತ್ತಿದರೆ ಕವಡೆಗಳನ್ನು ತಾನೇ ಎಸೆಯುವ ತಗಡಿನ ಡಬ್ಬಿಯೊಂದನ್ನು ಮಾಡಿಕೊಟ್ಟಿದ್ದ.

ಆ ಬೆರಳುಗಳು ಹಾಗಾದದ್ದು ರೊಟ್ಟಿ ಬಡಿದು. ಗುರುಪಾದ ಇನ್ನೂ ಚಡ್ಡಿ ಹಾಕುತ್ತಿದ್ದಾಗ ಶಿರಗುಪ್ಪಿಯಲ್ಲಿ ಅವ್ವ, ಅಪ್ಪ ಇಬ್ಬರೂ ಒಂದೇ ವರ್ಷ ತೀರಿಕೊಂಡಿದ್ದರು. ಅಕ್ಕ ಗೌರಕ್ಕ ಆಗಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ತಮ್ಮನ ಕೈ ಹಿಡಿದುಕೊಂಡು ಹುಬ್ಬಳ್ಳಿಗೆ ಬಂದು, ದುರ್ಗದಬೈಲಿನ ಹಿಂದಿನ ಸಂದಿಯಲ್ಲಿ ಒಂದು ಖಾನಾವಳಿ ಹಾಕಿದಳು. ಕಾಲೇಜಿನ ಹುಡುಗರು, ಅಂಗಡಿಯ ಕೆಲಸಗಾರರು ಅವಳ ಬಿಸಿ ಜೋಳದ ರೊಟ್ಟಿಗಾಗಿ ಸಾಲುಹಚ್ಚಿ ನಿಲ್ಲುತ್ತಿದ್ದರು. ಆ ಒಲೆಯ ಮುಂದೆಯೇ ಅವಳು ತಮ್ಮನನ್ನು ಬೆಳೆಸಿದಳು, ಓದಿಸಿದಳು. ಅವನ ಮದುವೆಯ ಮಾತು ಬಂದಾಗಲೆಲ್ಲ ಗುರುಪಾದ ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಹಾಗೆನ್ನುತ್ತ ಅವನ ಕೂದಲು ಬೆಳ್ಳಗಾಯಿತು. ಅವಳ ಬೆರಳು ನೋಡಲಾರದೆ ಒಮ್ಮೆ ರೊಟ್ಟಿ ಒತ್ತುವ ಯಂತ್ರವನ್ನೂ ಮಾಡಿದ್ದ. ಗೌರಕ್ಕ ಅದರ ಮೊದಲ ರೊಟ್ಟಿಯನ್ನು ಎತ್ತಿ ಹಿಡಿದು, "ಇದು ರೊಟ್ಟಿ ಅಲ್ಲೋ ತಮ್ಮಾ, ಹಂಚು. ಮನಿ ಮ್ಯಾಲ ಹೊದಸು" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕಿದ್ದಳು.

ಖಾನಾವಳಿ ಮುಚ್ಚಿ ಕೆಲವು ವರ್ಷಗಳಾದ ಮೇಲೆ ಅವಳಿಗೆ ಮರೆವು ಶುರುವಾಯಿತು. ಮೊದಲು ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಆಮೇಲೆ ವಾಣಿಶ್ರೀಯ ಹೆಸರು ಹೋಯಿತು. ಒಂದು ಮಧ್ಯಾಹ್ನ ವಾಣಿಶ್ರೀ ಮಜ್ಜಿಗೆ ಕೊಡಲು ಬಂದರೆ, ಅಡುಗೆಮನೆಯಲ್ಲಿ ರೊಟ್ಟಿಯ ಗುಡ್ಡೆ. ಹಿಟ್ಟಿನ ಡಬ್ಬಿ ಬರಿದಾಗಿತ್ತು. ಗೌರಕ್ಕ ಹಣೆಯ ಬೆವರೊರೆಸಿಕೊಂಡು, "ಹುಡುಗರು ಕಾಲೇಜಿನಿಂದ ಬರೂ ಹೊತ್ತಾತು, ಲಗೂ ಲಗೂ ತಾಟು ಹಚ್ಚವಾ" ಎಂದಳು. ಒಲೆಯ ಮೇಲಿನ ಹಂಚು ಕೆಂಪಗೆ ಕಾದಿತ್ತು, ಅವಳ ಸೆರಗು ಅದರ ಪಕ್ಕದಲ್ಲೇ ಜೋಲುತ್ತಿತ್ತು.

ಡಾಕ್ಟರು ನೋಡಿದರು. "ಇದಕ್ಕ ಗುಳಿಗಿ ಅಂತ ಹೇಳೂವಂಥಾದ್ದು ಏನೂ ಇಲ್ರಿ. ಮಂದಿ ಬೇಕು. ಯಾವತ್ತೂ ಒಬ್ಬರ ಜೋಡಿ ಇರಬೇಕು" ಎಂದರು. ಗುರುಪಾದ ತಲೆಯಾಡಿಸಿದ. ಅದೇ ಓಣಿಯ ಸತ್ಯವ್ವನನ್ನು ಹಗಲು ಹೊತ್ತು ಕೂರಲು ಗೊತ್ತು ಮಾಡಿದ. ಖಾನಾವಳಿಯ ಪಾತ್ರೆ ಕದಿಯಲು ಬಂದವಳು ಇವಳು ಎಂದು ಗೌರಕ್ಕ ಲಟ್ಟಣಿಗೆ ಹಿಡಿದು ಅವಳನ್ನು ಅಂಗಳದ ತನಕ ಅಟ್ಟಿದಳು. ಸತ್ಯವ್ವ ಮತ್ತೆ ಬರಲಿಲ್ಲ. ಗುರುಪಾದ ಬೇರೆ ಯಾರನ್ನೂ ಹುಡುಕಲಿಲ್ಲ. ಆ ಸಂಜೆ ಹಿತ್ತಲ ಕೋಣೆಗೆ ಹೋಗಿ ದೀಪ ಹಾಕಿಕೊಂಡು ಕೂತ. ಇದೂ ನಳದ ಗಾಳಿಯಂಥದೇ, ಬಿಡಿಸಿದರೆ ಬಿಡಿಸಬಹುದಾದ ತೊಡಕು ಎಂದು ಅವನಿಗೆ ಅನಿಸಿತ್ತು.

ಮೊದಲು ಗ್ಯಾಸಿನ ಒಲೆ ಹೋಯಿತು. ಅದನ್ನು ಹಿತ್ತಲ ಕೋಣೆಯಲ್ಲಿಟ್ಟು ಬೀಗ ಹಾಕಿ, ಅದರ ಜಾಗದಲ್ಲಿ ತಾನೇ ಮಾಡಿದ ಒಂದು ಒಲೆಯನ್ನು ಇಟ್ಟ. ಒಳಗೊಂದು ಕೆಂಪು ಬಲ್ಬು, ಹಂಚಿನ ಅಡಿಯಲ್ಲಿ ಕೈ ಇಟ್ಟರೂ ಸುಡದಷ್ಟು ಬೆಚ್ಚಗಾಗುವ ಸುರುಳಿ ತಂತಿ. ಗೌರಕ್ಕ ದಿನವೆಲ್ಲ ಅದರ ಮುಂದೆ ಕೂತು ಹಿಟ್ಟು ಬಡಿದಳು. ಅವನು ಕೆಲಸದಿಂದ ಬಂದಾಗ ಅರೆಬೆಂದ ರೊಟ್ಟಿಗಳು ಒದ್ದೆ ಬಟ್ಟೆಯ ಹಾಗೆ ಹಂಚಿಗೆ ಅಂಟಿಕೊಂಡಿದ್ದವು.

"ಗುರು, ಈ ಒಲಿಗಿ ಜ್ವರಾ ಬಂದಾವ ನೋಡೋ" ಎಂದಳು.

"ಒಲಿಗಿ ಎಂಥಾ ಜ್ವರಾ ಅಕ್ಕಾ?"

"ಮೈ ಬೆಚ್ಚಗ ಐತಿ, ಬೆಂಕಿ ಇಲ್ಲ. ಬೆಂಕಿ ಇರಲಾರದ ಬೆಚ್ಚಗ ಇದ್ರ ಅದು ಜ್ವರನ ಅಲ್ಲೇನು?"

ಗುರುಪಾದ ನಕ್ಕ. ಮರುದಿನ ಅಂಗಡಿಯಲ್ಲೂ ಹೇಳಿ ನಗಿಸಿದ. ಅವಳು ಮಾತ್ರ ಅವತ್ತು ನಗದೆ, ಹಿಟ್ಟು ಮೆತ್ತಿದ ಕೈಯನ್ನು ಒಲೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ.

ಒಲೆ ಕೈಬಿಟ್ಟಿತೆಂದು ಅವಳು ಹೊರಗೆ ಹೊರಡತೊಡಗಿದಳು. ಸೆರಗಿನಲ್ಲಿ ಹಿಟ್ಟು ಕಟ್ಟಿಕೊಂಡು ದುರ್ಗದಬೈಲಿಗೆ ಹೊರಟವಳನ್ನು ವಾಣಿಶ್ರೀ ಎರಡು ಸಲ ತಡೆದು ಕರೆತಂದಳು. ದೊಡ್ಡ ರಸ್ತೆಯಲ್ಲಿ ಲಾರಿಗಳು ಓಡಾಡುತ್ತವೆ. ಅಂಗಡಿಯಲ್ಲಿ ಗುರುಪಾದ ಚೀಲಗಳ ಲೆಕ್ಕ ತಪ್ಪತೊಡಗಿದ. ಬಾಗಿಲಿಗೆ ಗಂಟೆ ಕಟ್ಟೋಣವೆಂದರೆ ಅದು ಬಾರಿಸುವಾಗ ಕೇಳಿ ಬರುವವರು ಯಾರು? ಅವಳನ್ನು ಅವಳೇ ಹಿಂದಕ್ಕೆ ತಿರುಗಿಸಿಕೊಳ್ಳಬೇಕು. ಅವಳು ಯಾರ ಮಾತು ಕೇಳುತ್ತಾಳೆ? ಊರೆಲ್ಲ ಮರೆತರೂ ಅವಳು ಮರೆಯದ ಮಾತು ಒಂದೇ ಒಂದು, ತಮ್ಮನದು.

ಭಾನುವಾರ ಅವನು ಹಳೇ ಹುಬ್ಬಳ್ಳಿಯಲ್ಲಿ ಅಲ್ಲಾಸಾಬನ ಗುಜರಿ ಅಂಗಡಿಗೆ ಹೋದ. ಇಬ್ಬರೂ ಸಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಗುರುಪಾದನ ಯಂತ್ರಗಳ ಅರ್ಧ ಸಾಮಾನು ಹುಟ್ಟಿದ್ದು ಆ ಅಂಗಡಿಯಲ್ಲೇ. ಒಂದು ಸಣ್ಣ ಸ್ಪೀಕರು, ಮಾತು ಹಿಡಿದಿಟ್ಟುಕೊಳ್ಳುವ ಆಟಿಗೆಯ ಚಿಪ್, ಕರೆಂಟು ಹೋದರೂ ನಿಲ್ಲಬಾರದೆಂದು ಹಳೆಯ ಲ್ಯಾಪ್‌ಟಾಪುಗಳ ಬ್ಯಾಟರಿ, ಇವಿಷ್ಟನ್ನು ಆರಿಸಿಕೊಂಡ.

"ಇವು ಸಿಟ್ಟಿನ ಸೆಲ್ಲು ಗುರುಪಾದಾ" ಎಂದ ಅಲ್ಲಾಸಾಬ. "ಮೊಳಿ ಚುಚ್ಚಿತಂದ್ರ ಭಗ್ಗಂತಾವ. ನಮ್ಮ ಗೋಡೌನ್‌ನ್ಯಾಗ ಒಮ್ಮಿ ನೋಡೇನಿ. ನೀರು ಹಾಕಿದ್ರೂ ಕೇಳಲಿಲ್ಲ."

"ಗ್ವಾಡಿ ಒಳಗ ಇಡ್ತೇನಿ ಮಾರಾಯಾ. ಅಲ್ಲಿ ಯಾರು ಚುಚ್ಚತಾರ?"

ಬಾಗಿಲ ಪಕ್ಕದ ಗೋಡೆಯಲ್ಲಿ ಹಿಂದಿನವರು ದೀಪ ಇಡುತ್ತಿದ್ದ ಗೂಡೊಂದಿತ್ತು. ಅದರೊಳಗೆ ಎಲ್ಲವನ್ನೂ ಕೂರಿಸಿ, ಮುಂದೆ ತೂತು ಕೊರೆದ ಪ್ಲೈವುಡ್ಡಿನ ಹಲಗೆಯನ್ನು ಸ್ಕ್ರೂ ಹಾಕಿ ಬಿಗಿದು, ಗೋಡೆಯ ಬಣ್ಣವನ್ನೇ ಬಳಿದ. ಬಾಗಿಲಿಗೆ ಆಯಸ್ಕಾಂತ ಹಚ್ಚಿದ. ಬಾಗಿಲು ಒಂದು ಗೇಣು ಸರಿದರೆ ಸಾಕು, ಗೋಡೆಯೊಳಗಿಂದ ಗುರುಪಾದನ ದನಿ ಬರುತ್ತಿತ್ತು: "ಅಕ್ಕಾ, ಒಳಗ ಹೋಗು. ನಾ ಇಲ್ಲೇ ಅದೇನಿ."

ಮೊದಲ ದಿನ ಅವನು ಅಂಗಡಿಗೆ ರಜೆ ಹಾಕಿ ಹಿತ್ತಲಲ್ಲಿ ಅಡಗಿ ಕೂತು ನೋಡಿದ. ಗೌರಕ್ಕ ಹಿಟ್ಟಿನ ಗಂಟು ಹಿಡಿದು ಬಾಗಿಲು ತೆರೆದಳು. ದನಿ ಬಂತು. ಅವಳು ನಿಂತಳು. ಅತ್ತಿತ್ತ ನೋಡಿದಳು. ಮುಖವೆಲ್ಲ ಅರಳಿ, "ಇಲ್ಲೇ ಅದಿಯೇನು? ಛಲೋ ಆತು ಬಿಡಪಾ" ಎಂದು ಬಾಗಿಲು ಹಾಕಿಕೊಂಡು ಒಳಗೆ ಹೋದಳು. ಹಿತ್ತಲಲ್ಲಿ ಗುರುಪಾದನ ಕಣ್ಣು ತುಂಬಿ ಬಂತು. ತಾನು ಮಾಡಿದ ಎಲ್ಲ ಸಾಮಾನುಗಳಲ್ಲಿ ಇಷ್ಟು ಚಂದ ಕೆಲಸ ಮಾಡಿದ್ದು ಇನ್ನೊಂದಿರಲಿಲ್ಲ.

ಕೆಲವು ದಿನ ಕಳೆದವು. ಗೌರಕ್ಕ ಹೊರಗೆ ಹೋಗುವುದು ನಿಂತೇಹೋಯಿತು. ಗುರುಪಾದ ನೆಮ್ಮದಿಯಿಂದ ಕೆಲಸ ಮಾಡತೊಡಗಿದ, ಭಾನುವಾರಗಳಲ್ಲಿ ಅಲ್ಲಾಸಾಬನ ಜೊತೆ ಚಹಾ ಕುಡಿಯುತ್ತ ಕೂರತೊಡಗಿದ. ಒಂದು ಸಂಜೆ ವಾಣಿಶ್ರೀ ಕಟ್ಟೆಯ ಮೇಲೆ ಅವನ ದಾರಿ ಕಾಯುತ್ತಿದ್ದಳು.

"ಅಣ್ಣಾರ, ಒಂದು ಮಾತು ಹೇಳೂದಿತ್ರಿ. ಅಕ್ಕಾರು ಆ ಗ್ವಾಡಿಗೆ ರೊಟ್ಟಿ ತಿನ್ನಸಾಕತ್ತಾರ."

"ಏನಂದ್ಯವಾ?"

"ತೂತಿನಾಗ ಮುರದು ಮುರದು ತುರಕತಾರ. ನೀವು ಅದರಾಗ ಸಿಕ್ಕೊಂಡೀರಿ ಅಂತ ತಿಳದಾರ್ರಿ. ಬಾಗಲಾ ತಗೀತಾರ, ನಿಮ್ಮ ದನಿ ಕೇಳತಾರ, ಆಮ್ಯಾಲೆ ಗ್ವಾಡಿ ಸವರಿಕೋತ ಕುಂತು ಅಳತಾರ. ದಿನಾ ಮುಂಜಾನಿಂದ ಸಂಜೀ ತನಾ ಇದ ಆಗೇತಿ. ನನಗ ನೋಡಾಕ ಆಗವಲ್ದು. ಅದನ್ನ ತಗದು ಬಿಡ್ರಿ."

ಗುರುಪಾದ ಒಳಗೆ ಹೋಗಿ ನೋಡಿದ. ತೂತುಗಳ ತುಂಬ ರೊಟ್ಟಿಯ ಚೂರು, ಕೆಳಗೆ ಗೋಡೆಯ ಮೇಲೆ ಪುಂಡಿಪಲ್ಯದ ರಸ ಇಳಿದ ಕಲೆ. ಟೂತ್‌ಬ್ರಶ್ಶಿನಿಂದ ಎಲ್ಲ ಸ್ವಚ್ಛ ಮಾಡಿ, ಒಳಬದಿಗೆ ಸೊಳ್ಳೆಪರದೆಯ ತುಂಡೊಂದನ್ನು ಅಂಟಿಸಿದ. ಮರುದಿನ ವಾಣಿಶ್ರೀಗೆ, "ಇನ್ನ ಒಳಗ ಏನೂ ಹೋಗೂದಿಲ್ಲವಾ, ಜಾಳಗಿ ಹಾಕೇನಿ" ಎಂದ. ಅವಳು ಆ ಗೋಡೆಯ ಕಡೆಗೊಮ್ಮೆ ನೋಡಿ ಒಳಗೆ ಹೋದಳು.

ಶ್ರಾವಣದ ಒಂದು ಸೋಮವಾರ ಗೌರಕ್ಕ ಬಾಗಿಲು ದಾಟಿದಳು. ಈ ಸಲ ಹಿಟ್ಟಿನ ಗಂಟಿರಲಿಲ್ಲ. ಬರಿಗಾಲಲ್ಲಿ ದೊಡ್ಡ ರಸ್ತೆ ಕೂಡುವ ಜಾಗದ ತನಕ ಹೋಗಿ, ಕಂಡ ಕಂಡವರ ಕೈ ಹಿಡಿದು, "ನನ್ನ ತಮ್ಮ ಗ್ವಾಡ್ಯಾಗ ಸಿಕ್ಕಾನ್ರಿ, ಸಣ್ಣಾಂವ ಅದಾನ, ಯಾರರೆ ಬರ್ರಿ, ಒಡದು ತಗೀರಿ" ಎಂದು ಅಂಗಲಾಚಿದಳು. ಕೆಲವರು ನಕ್ಕರು, ಕೆಲವರು ಹತ್ತು ರೂಪಾಯಿ ಕೊಡಲು ಹೋದರು. ಕಾಸಿಮಸಾಬನೆಂಬ ರಿಕ್ಷಾದವನು ಗುರುತು ಹಿಡಿದು ಮನೆಗೆ ಕರೆತಂದ. ಸುದ್ದಿ ಕೇಳಿ ಗುರುಪಾದ ಅಂಗಡಿಯಿಂದ ಓಡಿ ಬಂದಾಗ ಅವಳು ಹೊಸ್ತಿಲ ಮೇಲೆ ಕೂತಿದ್ದಳು. ಪಾದಗಳು ಒಡೆದು ರಕ್ತ ಬಂದಿತ್ತು. ತಲೆಯೆತ್ತಿ ಅವನನ್ನು ನೋಡಿದಳು. ನೋಡಿ, ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಬರ್ರಿ ಯಜಮಾನ್ರ. ನೀವರೆ ಬಂದ್ರಲ್ಲ. ನನ್ನ ತಮ್ಮನ್ನ ಹೊರಗ ತಗೀತೀರೇನ್ರಿ?"

"ಅಕ್ಕಾ, ನಾನ ಗುರು. ಇಲ್ಲೇ ಅದೇನಲ್ಲಾ."

ಅವಳು ಅವನ ಬಿಳಿ ಕೂದಲು, ಕನ್ನಡಕ, ಬೆವೆತ ಅಂಗಿಯನ್ನು ನೋಡಿದಳು. ಆಮೇಲೆ ದನಿ ತಗ್ಗಿಸಿ, ದೊಡ್ಡವರಿಗೆ ತಿಳಿಹೇಳುವ ಹಾಗೆ, "ಗುರು ಒಳಗದಾನ್ರಿ. ಈಗರೆ ಮಾತಾಡಿದ. ಉಂಡಿಲ್ಲ ಅಂವ" ಎಂದಳು.

ಆ ಸಂಜೆ ಅವನು ಸ್ಕ್ರೂಡ್ರೈವರು ಹಿಡಿದು ಗೋಡೆಯ ಮುಂದೆ ಕೂತ. ಎರಡು ಸ್ಕ್ರೂ ಬಿಚ್ಚಿದ. ಮೂರನೆಯದಕ್ಕೆ ಕೈ ನಿಂತಿತು. ಇದನ್ನು ತೆಗೆದರೆ ನಾಳೆ ಅವಳನ್ನು ತಡೆಯುವುದೇನು? ದೊಡ್ಡ ರಸ್ತೆಯ ಲಾರಿಗಳು ಕಣ್ಣ ಮುಂದೆ ಬಂದವು. ಅಂಗಡಿಯಲ್ಲಿ ಹಬ್ಬದ ಮುಂಚಿನ ಗದ್ದಲ, ರಜೆ ಕೇಳುವಂತಿರಲಿಲ್ಲ. ಇದಕ್ಕಿಂತ ಒಳ್ಳೆಯದೇನಾದರೂ ಮಾಡಿ ಆಮೇಲೆ ಇದನ್ನು ತೆಗೆಯೋಣ; ಮಾತು ಬೇಡ, ಹಾಡು ಹಾಕೋಣ, ಅಥವಾ ಅವ್ವನ ಹೆಸರು ಹೇಳಿಸೋಣ. ಹಾಗೆ ಯೋಚಿಸುತ್ತ ಸ್ಕ್ರೂಗಳನ್ನು ಮತ್ತೆ ಬಿಗಿದ. ಅಲ್ಲಿಯವರೆಗೆ ಇರಲಿ ಎಂದು ಬಾಗಿಲಿಗೆ ಹೊರಗಿನಿಂದ ಸರಪಳಿ ಸುತ್ತಿ ಬೀಗ ಹಾಕಿ, ಕೀಲಿಯನ್ನು ವಾಣಿಶ್ರೀಯ ಕೈಗೆ ಕೊಟ್ಟು ಹೋಗತೊಡಗಿದ. ಬೀಗ ಹಾಕಿದ್ದರೂ ಒಳಗಿನಿಂದ ಎಳೆದರೆ ಬಾಗಿಲು ಒಂದು ಗೇಣು ಸರಿಯುತ್ತಿತ್ತು. ದನಿ ಬರಲು ಅಷ್ಟು ಸಾಕಾಗಿತ್ತು.

ಅದಾದ ಮೇಲೆ ಅದೇ ವಾರದಲ್ಲಿ ಒಂದು ದಿನ, ಅಂಗಡಿಯಲ್ಲಿ ಬೀಜದ ಚೀಲಗಳನ್ನು ಎಣಿಸುತ್ತಿದ್ದಾಗ ವಾಣಿಶ್ರೀಯ ಫೋನು ಬಂತು. ಅವಳಿಗೆ ಮಾತು ಹೊರಡುತ್ತಿರಲಿಲ್ಲ. "ಬೆಂಕಿ ಅಣ್ಣಾರ, ಬೆಂಕಿ... ದವಾಖಾನಿಗೆ ಬರ್ರಿ, ಮನಿಗೆ ಬ್ಯಾಡ" ಎಂದಷ್ಟೇ ಕೇಳಿಸಿತು.

ಗೌರಕ್ಕನ ಎರಡೂ ಕೈಗಳಿಗೆ ಮೊಣಕೈಯವರೆಗೆ ಪಟ್ಟಿ ಸುತ್ತಿದ್ದರು. ಎದೆ, ಕುತ್ತಿಗೆ ಸುಟ್ಟಿದ್ದವು. ಮುಖ ಮಾತ್ರ ಹಾಗೇ ಇತ್ತು. ಹುಬ್ಬಿನ ಕೂದಲಿಲ್ಲದೆ, ಸಣ್ಣ ಹುಡುಗಿಯ ಮುಖದ ಹಾಗೆ. ವಾರ್ಡಿನ ಡಾಕ್ಟರು ಗುರುಪಾದನನ್ನು ಬದಿಗೆ ಕರೆದು, ವಯಸ್ಸಾದ ಜೀವ, ಆಸೆ ಇಟ್ಟುಕೊಳ್ಳಬೇಡಿ ಎಂದು ಹೇಳಿದರು. ಅವನು ಬಂದು ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತ. ಎಷ್ಟೋ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟಳು.

"ಗುರು?"

"ಹೂಂ ಅಕ್ಕಾ."

"ಹೊರಗ ಬಂದ್ಯಾ?"

ಅವನು ಸ್ಟೂಲನ್ನು ಹಾಸಿಗೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಅವಳು ಮತ್ತೆ ಕೇಳಿದಳು, "ಬಂದ್ಯಾ ಇಲ್ಲೋ, ಹೇಳು."

"ಬಂದೆ ಅಕ್ಕಾ. ನೀನ ತಗದಿ."

"ನಿನಗ ಹತ್ತಿಲ್ಲಲ್ಲಾ ಬೆಂಕಿ?"

"ಇಲ್ಲ."

"ಹಂಗಾರ ಛಲೋ ಆತು. ಕೈ ತೊಳ್ಕೊ. ಉಣ್ಣಾಕ ಹಾಕ್ತೇನಿ." ಏಳಲು ನೋಡಿದಳು. ಆಗಲಿಲ್ಲ. ತನ್ನ ಪಟ್ಟಿ ಸುತ್ತಿದ ಕೈಗಳನ್ನು ನೋಡಿಕೊಂಡು, "ಹಿಟ್ಟು ಹತ್ತೇತಿ" ಎಂದಳು.

ಆಮೇಲೆ ಅವಳು ಮಾತಾಡಲಿಲ್ಲ. ಗುರುಪಾದ ಅಲ್ಲಿಂದ ಏಳಲೂ ಇಲ್ಲ. ಅಂಗಡಿಯಿಂದ ಫೋನು ಬಂದರೆ ಎತ್ತಲಿಲ್ಲ. ಎಷ್ಟೋ ವರ್ಷಗಳ ನಂತರ ಅವನು ಹಗಲೆಲ್ಲ ಅವಳ ಪಕ್ಕದಲ್ಲಿ ಕೂತಿದ್ದ. ಆ ವಾರ ಕಳೆಯುವ ಮುಂಚೆ ಅವಳು ತೀರಿಕೊಂಡಳು. ಶಿರಗುಪ್ಪಿಯ ಹೊಲದಲ್ಲಿ, ಅವ್ವ ಅಪ್ಪನ ಗದ್ದಿಗೆಯ ಪಕ್ಕ, ವಿಭೂತಿ ಹಚ್ಚಿ ಕೂರಿಸಿ ಮಣ್ಣು ಕೊಟ್ಟರು. ಮಠದ ಅಯ್ಯನವರು ಮಂತ್ರ ಹೇಳುವಾಗ ಗುರುಪಾದ ಅವಳ ಕೈಗಳನ್ನಷ್ಟೇ ನೋಡುತ್ತಿದ್ದ. ಪಟ್ಟಿಯನ್ನು ಬಿಚ್ಚಿರಲಿಲ್ಲ.

ಪೊಲೀಸರು ಬಂದು ಕೇಳಿ, ಬ್ಯಾಟರಿ ಸಿಡಿದು ಆದ ಅಪಘಾತವೆಂದು ಬರೆದುಕೊಂಡು ಹೋದರು. ಓಣಿಯವರು ಶಿವನ ಇಚ್ಛೆ ಎಂದರು. ಅಕ್ಕನ ಸಲುವಾಗಿ ಗುರುಪಾದಣ್ಣಾರು ಎಷ್ಟು ಮಾಡಿದರು, ಮದುವೆ ಸಹಿತ ಆಗಲಿಲ್ಲ ಎಂದರು. ಅಲ್ಲಾಸಾಬ ಬಂದವನು ಕಟ್ಟೆಯ ಮೇಲೆ ಕೂತು, "ನಾ ಆ ಸೆಲ್ಲು ಕೊಡಬಾರದಿತ್ತು" ಎಂದು ಅತ್ತ. ಗುರುಪಾದ ಅವನ ಬೆನ್ನಿನ ಮೇಲೆ ಕೈ ಇಟ್ಟ. "ನೀ ಹೇಳಿದ್ದಿ. ನಾ ಕೇಳಲಿಲ್ಲ" ಎಂದ.

ವಾಣಿಶ್ರೀ ಹತ್ತಿರ ಬರಲು ಹೆದರುತ್ತಿದ್ದಳು. ಕೀಲಿ ಅವಳ ಕೈಯಲ್ಲಿತ್ತಲ್ಲ. ಒಂದು ಮುಂಜಾನೆ ಅವನೇ ಅವಳ ಮನೆಯ ಮುಂದೆ ನಿಂತು ಕೇಳಿದ.

"ಅವತ್ತ ಏನಾತು, ನನಗ ಹೇಳವಾ. ಪೊಲೀಸರಿಗೆ ಹೇಳಿದ್ದಲ್ಲ. ಖರೇ ಹೇಳು."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದಳು. ಮುಂಜಾನೆಯಿಂದ ಕುಟ್ಟುವ ಸಪ್ಪಳ ಕೇಳುತ್ತಿತ್ತು. ಅಕ್ಕ ಚಟ್ನಿ ಕುಟ್ಟುತ್ತಿದ್ದಾಳೆ ಎಂದುಕೊಂಡಳು. ಕುಟ್ಟುವ ಕಬ್ಬಿಣದ ಕೋಲಿನಿಂದ ಗೌರಕ್ಕ ಗೋಡೆಯ ಹಲಗೆಯನ್ನು ಒಡೆಯುತ್ತಿದ್ದಳು. ಆಮೇಲೆ ಬುಸ್ಸೆಂಬ ಸದ್ದು, ಹೊಗೆ. ವಾಣಿಶ್ರೀ ಕೀಲಿ ಹಿಡಿದು ಓಡಿದಳು.

"ನಾ ತಡಾ ಮಾಡಲಿಲ್ರಿ ಅಣ್ಣಾರ. ದೇವರಾಣೆ. ಬಾಗಲಾ ಪೂರ್ತಿ ತಗದೆ. ಬೆಂಕಿ ಇನ್ನೂ ಗೂಡಿನಾಗ ಇತ್ತು, ಅಕ್ಕಾರ ಮೈಗೆ ಹತ್ತಿರಲಿಲ್ಲ. ಬರ್ರಿ ಹೊರಗ, ಬರ್ರಿ ಅಂತ ಚೀರಿದೆ. ನನ್ನ ನೋಡಿದ್ರು. ಬಾಗಲಾ ತೆರದದ್ದೂ ನೋಡಿದ್ರು. 'ತಡಿಯವಾ, ತಮ್ಮ ಇನ್ನೂ ಒಳಗದಾನ' ಅಂದು ಎರಡೂ ಕೈ ಬೆಂಕ್ಯಾಗ ಹಾಕಿದ್ರು. ನಾ ಎಳದೆ. ಅವರ ಕೈಯಾಗಿನ ಶಕ್ತಿ ನನಗೆಲ್ಲಿ ಬರಬೇಕ್ರಿ? ಸೀರಿಗೆ ಹತ್ತೂ ತನಾ ಬಿಡಲಿಲ್ಲ."

ಗುರುಪಾದ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟ. ವಾಣಿಶ್ರೀ ನೀರು ತಂದು ಕೊಟ್ಟಳು. ಲೋಟವನ್ನು ಕೈಯಲ್ಲಿ ಹಿಡಿದುಕೊಂಡ, ಕುಡಿಯಲಿಲ್ಲ.

"ತಗೀರಿ ಅಂತ ನೀ ಹೇಳಿದ್ದಿ" ಎಂದ. "ನಾ ಜಾಳಗಿ ಹಚ್ಚಿದೆ."

ಬಾಗಿಲಿನ ಒಂದು ಬದಿ ಸುಟ್ಟು ಕರಿಯಾಗಿತ್ತು. ಮಳೆ ಜೋರಾದ ಮೇಲೆ ನೀರು ಒಳಗೆ ಬರತೊಡಗಿತು. ಅವನು ನವನಗರದಿಂದ ಬಡಿಗನೊಬ್ಬನನ್ನು ಕರೆಸಿದ. ಮೈಲಾರಿ ಅಂತ, ಹೊಸದಾಗಿ ಕೆಲಸ ಕಲಿತ ಆಳು. ಮೈಲಾರಿ ಹಳೆಯ ಬಾಗಿಲು ಕಿತ್ತು ಹೊಸದನ್ನು ಕೂರಿಸಿದ. ಗೂಡಿಗೂ ಇಟ್ಟಿಗೆ ಇಟ್ಟು ಸಿಮೆಂಟು ಮೆತ್ತಲು ಹೇಳಿದ್ದ ಗುರುಪಾದ, ಕೆಲಸ ಮುಗಿಯುವವರೆಗೂ ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ.

"ನೋಡ್ರಿ ಕಾಕಾ, ಬರೋಬ್ಬರಿ ಕುಂತೈತಿ" ಎಂದು ಮೈಲಾರಿ ಕರೆದ.

ಕೂತಿರಲಿಲ್ಲ. ಮೇಲಿನ ಬಿಜಾಗರಿಯನ್ನು ಒಂದು ನೂಲಿನಷ್ಟು ಕೆಳಗೆ ಬಡಿದಿದ್ದ; ಬಾಗಿಲು ತೆರೆಯುವಾಗ ನೆಲಕ್ಕೆ ತಾಗಿ ಕರ್ ಎಂದು ಎಳೆಯುತ್ತಿತ್ತು. ಕೆಳಗೊಂದು ತಗಡಿನ ಬಿಲ್ಲೆ ಇಟ್ಟರೆ ಎರಡು ನಿಮಿಷದಲ್ಲಿ ಸರಿಹೋಗುವಂಥದು. ಗುರುಪಾದ ಅದನ್ನು ನೋಡಿದ. ಕೈ ತಾನಾಗಿ, ಯಾವತ್ತೂ ಸ್ಕ್ರೂಡ್ರೈವರು ಇರುತ್ತಿದ್ದ ಜೇಬಿನ ಕಡೆಗೆ ಹೋಗಿ, ಈಗ ಬರಿದಾದ ಜೇಬಿನಿಂದ ಹಿಂದೆ ಬಂತು.

"ಛಲೋ ಐತಿ" ಎಂದ. ಮೈಲಾರಿ ಸಾಮಾನು ಕಟ್ಟಿಕೊಂಡು ಹೊರಟ. ಗುರುಪಾದ ಬಾಗಿಲನ್ನು ಎರಡೂ ಕೈಗಳಿಂದ ಎತ್ತಿ ಹಿಡಿದು ಎಳೆದು ಹಾಕಿಕೊಂಡ.